ಗ್ಯಾಂಬಿಯಾಕ್ಕೆ ಹೋದರೆ ನದಿಯ ಮೇಲ್ಭಾಗಕ್ಕೆ ಹೋಗಿ

ಪ್ರಶ್ನೆ: ಮಗ ಸೆನೆಗಲ್‌ನಲ್ಲಿದ್ದಾನೆ. ಜನವರಿಯಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಹಾಗೇ ಗ್ಯಾಂಬಿಯಾಕ್ಕೂ ಹೋಗಿ ನದಿ, ಹಳ್ಳಿ, ಕಾಡು ನೋಡುವ ಆಸೆ. ಒಂದು ವಾರ ಸಾಕೇ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಮಾಡುವುದು?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಕು, ಆದರೆ ಆ ವಾರವನ್ನು ಕಡಲತೀರದ ಹೋಟೆಲಿನಲ್ಲಿ ಕಳೆಯಬೇಡಿ. ಹೆಚ್ಚಿನವರು ಹಾಗೇ ಮಾಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗ್ಯಾಂಬಿಯಾ ಅಂದರೆ ಅದೇ ಹೆಸರಿನ ನದಿಯ ಎರಡು ದಡ, ಅಷ್ಟೇ. ರಾಜಧಾನಿ ಬಂಜುಲ್‌ನಿಂದ ಸುಮಾರು 300 ಕಿ.ಮೀ. ಒಳಗೆ ನದಿಯ ನಡುವಿನ ದ್ವೀಪದಲ್ಲಿ ಜಂಜನ್‌ಬುರೆ ಅಂತ ಹಳೆಯ ಊರಿದೆ. ಅಲ್ಲಿ ಮೂರು ರಾತ್ರಿಯಾದರೂ ಇರಿ.

ಅಲ್ಲಿಂದ ದೋಣಿಯಲ್ಲಿ ನದಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಜನ ಹಿಡಿದು ಮಾರುತ್ತಿದ್ದ ಚಿಂಪಾಂಜಿ ಮರಿಗಳನ್ನು ಬಿಡಿಸಿ ಸಾಕಿ, 1979ರಿಂದ ಅಲ್ಲಿನ ದ್ವೀಪಗಳಲ್ಲಿ ಬಿಡುತ್ತಾ ಬಂದರು. ಈಗ ನೂರಕ್ಕೂ ಜಾಸ್ತಿ ಇವೆ. ದ್ವೀಪದಲ್ಲಿ ಇಳಿಯುವಂತಿಲ್ಲ, ನಮ್ಮ ಶೀತ ಕೆಮ್ಮು ಅವಕ್ಕೂ ಅಂಟುತ್ತದೆ ಅಲ್ವಾ. ದೋಣಿಯವನಿಗೆ ಇನ್ನೂ ಹತ್ತಿರ ಹೋಗು ಅಂತ ದಯವಿಟ್ಟು ದುಡ್ಡಿನ ಆಸೆ ತೋರಿಸಬೇಡಿ. ನೀರಾನೆ ಕಂಡರೂ ಅಷ್ಟೇ. ಬನ್ಸಾಂಗ್ ಹತ್ತಿರದ ಮಣ್ಣಿನ ದರೆಯಲ್ಲಿ ನಮ್ಮ ಕಳ್ಳಿಪೀರದ ನೆಂಟ ಹಕ್ಕಿಗಳು, ಕೆಂಪು ಕೊರಳಿನವು, ತೂತು ಕೊರೆದು ಗೂಡು ಮಾಡುತ್ತವೆ, ಬೆಳಿಗ್ಗೆ ಬೇಗ ಹೋಗಿ ಸುಮ್ನೆ ಕೂತು ನೋಡಿ.

ವಾಸ್ಸು ಅನ್ನುವ ಊರನ್ನು ಬಿಡಬೇಡಿ. ಅಲ್ಲಿ ನೂರಾರು ವರ್ಷ ಹಿಂದಿನ ಸಮಾಧಿಗಳ ಸುತ್ತ ಕಲ್ಲುಕಂಬಗಳನ್ನು ನಿಲ್ಲಿಸಿದ್ದಾರೆ, 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಲ್ಲು ಮುಟ್ಟಿದರೆ ನಿಮಗೆ ಗುರುತು ಸಿಕ್ಕೀತು, ಅದು ನಮ್ಮ ಕರಾವಳಿಯ ಮುರಕಲ್ಲೇ! ಬಂದವರು ಕಂಬದ ಮೇಲೆ ಚಿಕ್ಕ ಕಲ್ಲೊಂದನ್ನು ಇಟ್ಟು ಹೋಗುತ್ತಾರೆ.

ಸಂಜೆ 21 ತಂತಿಯ ಕೋರಾ ಕೇಳಲು ಸಿಕ್ಕರೆ ಎದ್ದು ಹೋಗಬೇಡಿ. ಅದನ್ನು ನುಡಿಸುವ ಹಾಡುಗಾರರಿಗೆ ಜಾಲಿ ಅನ್ನುತ್ತಾರೆ, ಅವರದು ತಲೆಮಾರಿನಿಂದ ಬಂದ ವಿದ್ಯೆ, ಊರಿನ ಮನೆತನಗಳ ಕಥೆಯೆಲ್ಲ ಅವರ ಬಾಯಲ್ಲೇ ಇರುತ್ತದೆ. ಮರದ ನಾರು ತೊಟ್ಟ ಕಂಕುರಾಂಗ್ ವೇಷ ಎದುರಾದರೆ ಕೇಳದೆ ಫೋಟೊ ತೆಗೆಯಬೇಡಿ. ಹುಡುಗರ ದೀಕ್ಷೆಗೆ ಸೇರಿದ ವೇಷ ಅದು, ನಮ್ಮಲ್ಲಿ ಭೂತಕ್ಕೆ ಕೊಡುವ ಮರ್ಯಾದೆಯನ್ನೇ ಅದಕ್ಕೂ ಕೊಡಿ.

ಊಟಕ್ಕೆ ಚಿಂತೆ ಬೇಡ. ದೊಮೊದಾ ಅಂದರೆ ಶೇಂಗಾ ಸಾರು, ಅನ್ನದ ಜೊತೆ. ಮಾಮೂಲಿಗೆ ಮಾಂಸ ಅಥವಾ ಮೀನು ಹಾಕುತ್ತಾರೆ, ಹಿಂದಿನ ದಿನವೇ ಹೇಳಿದರೆ ತರಕಾರಿ ಹಾಕಿ ಮಾಡಿಕೊಡುತ್ತಾರೆ. ತಿಂದ ಮೇಲೆ ಅಲ್ಲಿನ ಮಂಡಿಂಕಾ ಭಾಷೆಯಲ್ಲಿ 'ಅಬರಕಾ' ಅನ್ನಿ, ಧನ್ಯವಾದ ಅಂತ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಮಲೇರಿಯಾ ಮಾತ್ರೆಯನ್ನೂ ಡಾಕ್ಟರ ಹತ್ತಿರ ಅವತ್ತೇ ಕೇಳಿ.