ಓದುಗರ ಪ್ರಶ್ನೆ: ಸಾಲ ತೀರಿಸಿಕೊಟ್ಟರೆ ಗಣಿತದ ಮೇಷ್ಟರು ಬರುತ್ತಾರೆಯೇ?

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರ ಹುದ್ದೆ ಎರಡು ವರ್ಷದಿಂದ ಖಾಲಿ ಇದೆ. ಸಿಬಿಜೆಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಓದಿ ಬಂದ ಮೇಡಂ ಅವರೇ ಗಣಿತದ ತರಗತಿಗಳನ್ನೂ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ವರ್ಷ ಬಂದಿದ್ದ ಅತಿಥಿ ಶಿಕ್ಷಕರು ದಸರಾ ರಜೆಗೆಂದು ಹೋದವರು ಮರಳಲಿಲ್ಲ. ವಿದ್ಯುಚ್ಛಕ್ತಿಯ ಪಾಠ ಮುಗಿಯಿತು, ಆದರೆ ಬೀರುವಿನಲ್ಲಿರುವ ಅಮ್ಮೀಟರು ರಟ್ಟಿನ ಡಬ್ಬದಿಂದ ಹೊರಬರಲಿಲ್ಲ. ಅಮೆರಿಕದಲ್ಲಿ ಇಂಥ ವಿಷಯಗಳ ಶಿಕ್ಷಕರು ಓದುವಾಗ ಮಾಡಿದ ಸಾಲವನ್ನು ಸರ್ಕಾರವೇ ಮನ್ನಾ ಮಾಡುತ್ತದೆಯೆಂದು ಕೇಳಿದ್ದೇನೆ. ನಮ್ಮಲ್ಲಿಯೂ ಹಾಗೆ ಮಾಡಿದರೆ ಪ್ರಯೋಜನವಾಗಬಹುದೇ?

ಉತ್ತರ: ಮೊದಲು ‘ಮನ್ನಾ’ ಎಂಬ ಮಾತನ್ನು ಸ್ವಲ್ಪ ಬದಿಗಿಡೋಣ. ಆ ಪದ ಕಿವಿಗೆ ಬಿದ್ದೊಡನೆ ನಮಗೆ 2018ರ ಬೆಳೆ ಸಾಲ ಮನ್ನಾ ನೆನಪಾಗುತ್ತದೆ. ಸಂಕಷ್ಟದಲ್ಲಿದ್ದ ರೈತರಿಗೆ ಸರ್ಕಾರ ಅಲ್ಲಿ ಕೈಹಿಡಿಯಿತೇ ಹೊರತು ಅವರಿಂದ ಪ್ರತಿಯಾಗಿ ಯಾವ ಕೆಲಸವನ್ನೂ ಕೇಳಲಿಲ್ಲ. ಶಿಕ್ಷಕರ ಸಾಲದ ವಿಚಾರ ಹಾಗಲ್ಲ. ಇಂಥ ವಿಷಯವನ್ನು, ಇಂಥ ಶಾಲೆಯಲ್ಲಿ, ಇಷ್ಟು ವರ್ಷ ಕಲಿಸಿದರೆ ಮಾತ್ರ ಇಷ್ಟು ಹಣವನ್ನು ಸರ್ಕಾರ ತೀರಿಸುತ್ತದೆ ಎಂಬ ಕರಾರು ಅದು. ಸಂಬಳವೇ ಇನ್ನೊಂದು ದಾರಿಯಲ್ಲಿ ಮನೆಗೆ ಬಂದಂತೆ.

ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಸೋವಿಯತ್ ಒಕ್ಕೂಟವು 1957ರಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ ಗಾಬರಿಗೊಂಡ ಅಲ್ಲಿನ ಸರ್ಕಾರ, ಮರುವರ್ಷವೇ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯನ್ನು ತಂದು, ಸಾಲ ಮಾಡಿ ಓದಿದವರು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದರೆ ವರ್ಷಕ್ಕೆ ಶೇ 10ರಂತೆ ಐದು ವರ್ಷಗಳಲ್ಲಿ ಅರ್ಧ ಸಾಲವನ್ನು ರದ್ದು ಮಾಡುವ ಏರ್ಪಾಡು ಮಾಡಿತು. ಈಗಿನ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ಯೋಜನೆಯ ಪ್ರಕಾರ, ಬಡ ಕುಟುಂಬಗಳ ಮಕ್ಕಳು ಹೆಚ್ಚಾಗಿರುವ ಶಾಲೆಯಲ್ಲಿ ಸತತವಾಗಿ ಐದು ವರ್ಷ ಪೂರೈಸಿದ ಪ್ರೌಢಶಾಲಾ ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗೆ, ಹಾಗೂ ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಕರಿಗೆ 17,500 ಡಾಲರ್‌ವರೆಗೆ ಸಾಲ ಇಳಿಯುತ್ತದೆ. ಅರ್ಹರಾದ ಉಳಿದ ಶಿಕ್ಷಕರಿಗೆ 5,000 ಡಾಲರ್‌ವರೆಗೆ. ಇಂಗ್ಲೆಂಡಿನ ರೀತಿ ಬೇರೆ: ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ, ಕಂಪ್ಯೂಟಿಂಗ್ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗಳನ್ನು ಆಯ್ದ ಕೆಲವು ಪ್ರದೇಶಗಳಲ್ಲಿ ಕಲಿಸುವ, 2021ರೊಳಗೆ ತರಬೇತಿ ಮುಗಿಸಿದವರು ಆ ವರ್ಷ ಕಟ್ಟಿದ ಸಾಲದ ಕಂತುಗಳನ್ನು ಅರ್ಜಿ ಹಾಕಿ ವಾಪಸು ಪಡೆಯುತ್ತಾರೆ.

ಫಲವೇನು ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಫ್ಲಾರಿಡಾ ರಾಜ್ಯವು ಕೊರತೆಯಿರುವ ವಿಷಯಗಳ ಶಿಕ್ಷಕರಿಗಾಗಿ ವರ್ಷ ವರ್ಷವೂ ಸಾಲದ ಒಂದು ಭಾಗವನ್ನು ತೀರಿಸುವ ಕಾರ್ಯಕ್ರಮವನ್ನು ಬಹುಕಾಲ ನಡೆಸಿತು. ಅದರ ಲಾಭ ಪಡೆದ ಗಣಿತ, ವಿಜ್ಞಾನ ಶಿಕ್ಷಕರು ಕೆಲಸ ಬಿಟ್ಟು ಹೋಗುವುದು ಕಡಿಮೆಯಾಯಿತೆಂದೂ, ಮೊತ್ತ ದೊಡ್ಡದಾದಷ್ಟೂ ಪರಿಣಾಮ ಹೆಚ್ಚೆಂದೂ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆದರೆ ಐದು ವರ್ಷ ಮುಗಿದ ಮೇಲೆ ಒಮ್ಮೆಗೇ ಕೊಡುವ ಫೆಡರಲ್ ಯೋಜನೆಯ ಅಧ್ಯಯನದಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಅರ್ಜಿ, ದೃಢೀಕರಣಗಳ ಗೋಜಿನಲ್ಲಿ ಅರ್ಹರಾದ ಅನೇಕರು ಅದನ್ನು ಪಡೆಯಲೇ ಇಲ್ಲ. ಇನ್ನೂ ಕಹಿಯಾದದ್ದು ‘ಟೀಚ್’ ಎಂಬ ಅನುದಾನದ ಕಥೆ. ಅದರಲ್ಲಿ ಓದುವಾಗಲೇ ಹಣ ಕೊಟ್ಟು, ಮುಂದೆ ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಕೊರತೆಯ ವಿಷಯವನ್ನು ಕಲಿಸಬೇಕೆಂದು ಕರಾರು ಮಾಡಿಸಿಕೊಳ್ಳುತ್ತಾರೆ; ತಪ್ಪಿದರೆ ಆ ಅನುದಾನವೇ, ಕೊಟ್ಟ ದಿನದಿಂದ ಬಡ್ಡಿ ಸೇರಿಸಿಕೊಂಡು, ಸಾಲವಾಗಿ ತಲೆಯ ಮೇಲೆ ಕೂರುತ್ತದೆ. ಪ್ರಾಮಾಣಿಕವಾಗಿ ಪಾಠ ಹೇಳುತ್ತಿದ್ದವರಲ್ಲಿಯೂ ಎಷ್ಟೋ ಮಂದಿ, ವಾರ್ಷಿಕ ಪ್ರಮಾಣಪತ್ರವನ್ನು ಕೆಲವು ದಿನ ತಡವಾಗಿ ಕಳಿಸಿದ ತಪ್ಪಿಗೆ, ಸಾಲಗಾರರಾದರು. ಅದನ್ನು ಸರಿಪಡಿಸಲು ಅಲ್ಲಿನ ಶಿಕ್ಷಣ ಇಲಾಖೆಗೆ ವರ್ಷಗಳೇ ಬೇಕಾದವು.

ಈಗ ಪಾವಗಡಕ್ಕೆ ಬರೋಣ. ಅಮೆರಿಕದ ವಿದ್ಯಾರ್ಥಿಯ ಸಾಲ ಬಹುಪಾಲು ಸರ್ಕಾರದ ಪುಸ್ತಕದಲ್ಲಿಯೇ ಇರುವುದರಿಂದ, ಕಾನೂನಿನಲ್ಲಿ ಅವಕಾಶವಿದ್ದರೆ ಅದನ್ನು ಸರ್ಕಾರವೇ ಹೊಡೆದುಹಾಕಬಹುದು. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಬಿ.ಎಸ್ಸಿ., ಬಿ.ಎಡ್. ಮಾಡಿದ ಮಕ್ಕಳ ಸಾಲ ಎಲ್ಲಿದೆ? ನಾನು ಇದೇ ಜಿಲ್ಲೆಯಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ತನ್ನ ಬಿ.ಎಡ್. ಖರ್ಚಿನ ಲೆಕ್ಕವನ್ನು ನನಗೆ ತೋರಿಸಿದಳು. ಅಮ್ಮನ ಎರಡು ಬಳೆ ಅಡವಿಟ್ಟ ರಸೀದಿ, ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕ, ಸೋದರಮಾವ ಕೊಟ್ಟ ಕೈಗಡದ ಮೊತ್ತ ಬರೆದ ಕ್ಯಾಲೆಂಡರಿನ ಹಾಳೆ, ಇಷ್ಟೇ. ಬ್ಯಾಂಕಿನ ಶಿಕ್ಷಣ ಸಾಲದ ಒಂದು ಕಾಗದವೂ ಅದರಲ್ಲಿರಲಿಲ್ಲ. ‘ಶಿಕ್ಷಣ ಸಾಲ ಮನ್ನಾ’ ಎಂದು ನಾಳೆ ಆದೇಶ ಹೊರಟರೆ ಇವಳಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ; ಬ್ಯಾಂಕಿನಲ್ಲಿ ಸಾಲ ಪಡೆಯುವಷ್ಟು ಓಡಾಟ, ಪರಿಚಯ ಇದ್ದ ಮನೆಯವರಿಗೆ ಸಿಗುತ್ತದೆ.

ಆದ್ದರಿಂದ ಇಲ್ಲಿ ಸಾಲದ ಹೆಸರು ಹಿಡಿಯದೆ ಸೇವೆಯ ಹೆಸರಿನಲ್ಲಿಯೇ ಹಣ ಕೊಡುವುದು ಸರಿಯೆಂಬುದು ನನ್ನ ಅಭಿಪ್ರಾಯ. ಒಂದು ಲೆಕ್ಕ ನೋಡಿ: 2 ಲಕ್ಷ ರೂಪಾಯಿ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಐದು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 4,250 ರೂಪಾಯಿ, ವರ್ಷಕ್ಕೆ 51,000. ಹುದ್ದೆ ಖಾಲಿ ಬಿದ್ದಿರುವ ಶಾಲೆಯಲ್ಲಿ ಕೊರತೆಯ ವಿಷಯವನ್ನು ಕಲಿಸಿ ಶೈಕ್ಷಣಿಕ ವರ್ಷ ಮುಗಿಸಿದವರಿಗೆ ಏಪ್ರಿಲ್‌ನಲ್ಲಿ ಇಷ್ಟು ಹಣ ಖಾತೆಗೆ ಬಿದ್ದರೆ, ಬ್ಯಾಂಕಿನ ಸಾಲವಿರುವವರು ಅಲ್ಲಿ ಕಟ್ಟಲಿ, ಬಳೆ ಅಡವಿಟ್ಟವರು ಬಳೆ ಬಿಡಿಸಿಕೊಳ್ಳಲಿ. ವರ್ಷ ವರ್ಷ ಕೊಡಬೇಕೇ ಹೊರತು ಐದನೆಯ ವರ್ಷಕ್ಕೆಂದು ಕಟ್ಟಿಡಬಾರದು. ಮೂರನೆಯ ವರ್ಷ ಮದುವೆಯಾಗಿ ಬೇರೆ ಜಿಲ್ಲೆಗೆ ಹೋಗುವ ಶಿಕ್ಷಕಿ ಕಲಿಸಿದ ಮೂರು ವರ್ಷಗಳ ಹಣವನ್ನು ಕಳೆದುಕೊಳ್ಳಬಾರದು. ಅತಿಥಿ ಶಿಕ್ಷಕರನ್ನೂ ಇದರಲ್ಲಿ ಸೇರಿಸಬೇಕು, ಏಕೆಂದರೆ ಖಾಯಂ ಹುದ್ದೆ ಖಾಲಿಯಿರುವ ಕಡೆ ಪಾಠ ನಡೆಸುತ್ತಿರುವವರು ಅವರೇ. ದಸರಾ ಮುಗಿದು ಬಾರದ ನಿಮ್ಮ ಮೇಷ್ಟರು, ವರ್ಷ ಪೂರೈಸಿದರೆ ಸಿಗುವ ಹಣಕ್ಕಾಗಿಯಾದರೂ ಬರುತ್ತಿದ್ದರೋ ಏನೋ.

ಇಷ್ಟೆಲ್ಲ ಆದರೂ ಒಂದು ಮಾತಿದೆ. ಇಂಥ ಹಣ ಬಂದವರನ್ನು ನಿಲ್ಲಿಸಿಕೊಳ್ಳಬಲ್ಲದು, ಕರೆಯದೇ ಇರುವ ಹುದ್ದೆಯನ್ನು ತುಂಬಲಾರದು. 6ರಿಂದ 8ನೇ ತರಗತಿಗಳಿಗಾಗಿ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಂತೆ ನೇಮಕಾತಿಯು ಒಮ್ಮೆ ದೊಡ್ಡದಾಗಿ ಬಂದು ಆಮೇಲೆ ವರ್ಷಗಟ್ಟಲೆ ಸುಮ್ಮನಾದರೆ, ಗಣಿತ ಓದಿದ ಹುಡುಗರು ಕಾಯುವುದಿಲ್ಲ. ಬೆಂಗಳೂರು ತುಮಕೂರಿನಿಂದ 70 ಕಿಲೋಮೀಟರ್.

ಪ್ರಶ್ನೆ: ನಾನು ಶಿರಾದಲ್ಲಿ ಅಂತಿಮ ಬಿ.ಎಸ್ಸಿ. ಓದುತ್ತಿದ್ದೇನೆ. ಮುಂದೆ ಬಿ.ಎಡ್. ಸೇರಲು ಸಾಲ ಮಾಡಿದರೆ, ಗಣಿತ ಶಿಕ್ಷಕಿಯಾದ ಮೇಲೆ ಅದು ಮನ್ನಾ ಆಗಬಹುದೆಂದು ನಂಬಿಕೊಳ್ಳಬಹುದೇ?

ಉತ್ತರ: ನಂಬಿಕೊಳ್ಳಬೇಡಿ ತಾಯಿ. ಶಿಕ್ಷಕ ಸೇವೆ ಮಾಡಿದ್ದಕ್ಕಾಗಿ ಬ್ಯಾಂಕಿನ ಸಾಲವನ್ನು ತೀರಿಸಿಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಓದುವ ಗ್ರಾಮೀಣ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಮತ್ತು ತಮ್ಮ ಊರಿನ ಕಡೆಯೇ ಕೆಲಸದಲ್ಲಿ ಆದ್ಯತೆ ಕೊಡಬೇಕೆಂದು ಹೇಳಿದೆಯಾದರೂ, ನೀತಿಯ ಸಾಲುಗಳನ್ನು ತೋರಿಸಿದರೆ ಬ್ಯಾಂಕಿನವರು ಕಂತು ಬಿಡುವುದಿಲ್ಲ.

ಮೊದಲು ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕ ಸರ್ಕಾರಿ ಕೋಟಾದ ಸೀಟಿಗೆ ಪ್ರಯತ್ನಿಸಿ; ಶುಲ್ಕ ಕಡಿಮೆಯಾದರೆ ಸಾಲವೂ ಕಡಿಮೆ. ಆಮೇಲೂ ಹಣ ಬೇಕಾದರೆ ಚಿನ್ನ ಅಡವಿಡುವ ಮೊದಲು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿ. 4 ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಆದ್ದರಿಂದ ಟ್ಯೂಷನ್ ಹೇಳಿ ಬಂದ ಹಣದಲ್ಲಿ ಬಡ್ಡಿಯನ್ನಷ್ಟಾದರೂ ಕಟ್ಟುತ್ತ ಬನ್ನಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ನೀವು ಸೇರುವ ಕಾಲೇಜಿಗೂ ಕೋರ್ಸಿಗೂ ಅನ್ವಯಿಸುತ್ತದೆಯೇ ಎಂದು ಅರ್ಜಿ ಹಾಕುವ ದಿನವೇ ಕೇಳಿ. ಸಾಲ ಮಂಜೂರಾದ ಮೇಲೆ ಕೇಳಿದರೆ ‘ಆಗಲೇ ಹೇಳಬೇಕಿತ್ತು’ ಎನ್ನುವ ಉತ್ತರ ಸಿಗುವ ಸಂಭವವಿದೆ.

ಪ್ರಶ್ನೆ: ತಿಪಟೂರಿನ ನಿವೃತ್ತ ಕನ್ನಡ ಶಿಕ್ಷಕ ನಾನು. ಗಣಿತದವರಿಗೆ ಮಾತ್ರ ಹಣವೆಂದರೆ ಕನ್ನಡದ ಮೇಷ್ಟ್ರು ಮಾಡಿದ ಪಾಪವೇನು? ನಮ್ಮ ಕಾಲದಲ್ಲಿ ಸೇವಾಮನೋಭಾವದಿಂದ ಹಳ್ಳಿಗೆ ಹೋಗುತ್ತಿದ್ದೆವು.

ಉತ್ತರ: ಹೋಗುತ್ತಿದ್ದಿರಿ, ನಿಜ, ಸ್ವಾಮಿ. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಎಚ್. ನರಸಿಂಹಯ್ಯನವರು ಹಿಂದಿರುಗಿ ಬಂದು ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಲ್ಲಿ ನ್ಯಾಷನಲ್ ಕಾಲೇಜು ತೆರೆಯಲು ಶ್ರಮಿಸಿದರು. ಅಂಥವರಿಗೆ ಕೈಮುಗಿಯೋಣ, ಆದರೆ ತಾಲ್ಲೂಕಿನ ಎಲ್ಲ ಶಾಲೆಗಳ ವೇಳಾಪಟ್ಟಿಯನ್ನು ಅಂಥವರು ಬಂದಾರೆಂದು ಕಾಯುತ್ತ ಬರೆಯಲಾಗುವುದಿಲ್ಲ.

ಕನ್ನಡದವರ ವಿಚಾರದಲ್ಲಿ ನಿಮ್ಮ ಆಕ್ಷೇಪ ಅರ್ಧ ಸರಿ. ಬಿ.ಎ. ಮಾಡಿದವರಿಗಿಂತ ಗಣಿತ ಓದಿದವರಿಗೆ ಶಾಲೆಯ ಹೊರಗೆ ಕೆಲಸದ ದಾರಿಗಳು ಹೆಚ್ಚು, ಹಾಗಾಗಿ ಅವರನ್ನು ನಿಲ್ಲಿಸಿಕೊಳ್ಳಲು ಹೆಚ್ಚು ಕೊಡಬೇಕಾಗುತ್ತದೆ. ಇದರಲ್ಲಿ ಯಾವ ವಿಷಯ ದೊಡ್ಡದು, ಯಾವುದು ಚಿಕ್ಕದು ಎಂಬ ತೀರ್ಪಿಲ್ಲ. ಆದರೆ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಆಂಧ್ರದ ಗಡಿಯ ಪಾವಗಡದಲ್ಲಿ ಕನ್ನಡ ಕಲಿಸುವ ಶಿಕ್ಷಕರ ಕೆಲಸ ಗಣಿತದವರಿಗಿಂತ ಹಗುರವೇನೂ ಅಲ್ಲ. ದೂರದ ಶಾಲೆಯಲ್ಲಿರುವುದಕ್ಕಾಗಿ ಕೊಡುವ ಭಾಗವನ್ನು ಅಲ್ಲಿನ ಎಲ್ಲ ಶಿಕ್ಷಕರಿಗೂ ಕೊಟ್ಟು, ವಿಷಯಕ್ಕಾಗಿ ಕೊಡುವ ಭಾಗವನ್ನು ಮಾತ್ರ ಆಯಾ ವರ್ಷದ ಖಾಲಿ ಹುದ್ದೆಗಳ ಪಟ್ಟಿ ನೋಡಿ ನಿರ್ಧರಿಸುವುದು ಒಳ್ಳೆಯದು. ಆ ಪಟ್ಟಿಯಲ್ಲಿ ಕನ್ನಡ ಬಂದ ವರ್ಷ ಕನ್ನಡದವರಿಗೂ ಅಷ್ಟೇ ಸಿಗಲಿ. ಇಂಗ್ಲೆಂಡಿನ ಪಟ್ಟಿಯಲ್ಲಿಯೂ ಗಣಿತವಿಲ್ಲ, ಭಾಷೆಗಳಿವೆ.