ಹೆಸರು ನೋಡಿ ಕೋಚ್ ಆರಿಸಬೇಡಿ

ಪ್ರಶ್ನೆ: ಸರ್, ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟದಲ್ಲಿ ಕೆಳಗಿನ ಡಿವಿಷನ್ನಿನ ಒಂದು ಕ್ಲಬ್ ನಡೆಸುತ್ತಿದ್ದೇನೆ. ಆಡಳಿತ ಮಂಡಳಿ ಒಪ್ಪಿರುವುದು ಐದೇ ಕೋಚ್‌ಗಳಿಗೆ. ಹೆಸರಾಂತ ಮಾಜಿ ಆಟಗಾರನೊಬ್ಬನನ್ನು ದೊಡ್ಡ ಸಂಬಳ ಕೊಟ್ಟು ಕರೆತಂದು ತರಬೇತಿಯ ಎಲ್ಲ ವಿಭಾಗಗಳನ್ನೂ ವಹಿಸಿದೆ. ಆದರೂ ತರಬೇತಿಯ ಮಟ್ಟ ತೋರಿಸುವ ಸ್ಟಾರ್ ಏರುತ್ತಿಲ್ಲ. ಎಲ್ಲಿ ಎಡವಿದೆ?

ಉತ್ತರ: ಎಡವಿದ್ದು ಎರಡು ಕಡೆ. ಹೆಸರು ನೋಡಿ ಆರಿಸಿದ್ದು ಒಂದು, ಆಮೇಲೆ ಎಲ್ಲವನ್ನೂ ಅವರ ತಲೆಗೇ ಕಟ್ಟಿದ್ದು ಇನ್ನೊಂದು. ಆಟಗಾರನಾಗಿ ಗಳಿಸಿದ ಖ್ಯಾತಿಗೂ ತರಬೇತಿ ಪುಟದ ಸ್ಟಾರ್‌ಗೂ ನಂಟಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಕೋಚ್‌ನ ಒಂದೊಂದು ಗುಣಕ್ಕೆ ಆಟ ಕೊಡುವ 1ರಿಂದ 20ರವರೆಗಿನ ಅಂಕಗಳು ಮಾತ್ರ.

ಆ ಅಂಕಗಳಲ್ಲೂ ಬಹಳ ಜನರ ಕಣ್ತಪ್ಪುವ ಮೂರಿವೆ: ಛಲ, ಶಿಸ್ತು, ಹುರಿದುಂಬಿಸುವ ಗುಣ. ಕೋಚ್ ಯಾವ ವಿಭಾಗದಲ್ಲಿ ದುಡಿದರೂ ಈ ಮೂರೂ ಲೆಕ್ಕಕ್ಕೆ ಸೇರುತ್ತವೆ. ಇಬ್ಬರು ಅಭ್ಯರ್ಥಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ ಅಟ್ಯಾಕಿಂಗ್ (ದಾಳಿ) 15, ಟೆಕ್ನಿಕಲ್ (ಕೌಶಲ) 14, ಆದರೆ ಈ ಮೂರರಲ್ಲೂ 7ರ ಆಸುಪಾಸು. ಇನ್ನೊಬ್ಬರಿಗೆ ಅಟ್ಯಾಕಿಂಗ್, ಟೆಕ್ನಿಕಲ್ ಎರಡೂ 13, ಮೂರು ಗುಣಗಳಲ್ಲಿ 16, 15, 16. ನಾನಾದರೆ ಕಣ್ಣುಮುಚ್ಚಿ ಎರಡನೆಯವರನ್ನೇ ಸೇರಿಸಿಕೊಳ್ಳುತ್ತೇನೆ. ಮುಂದೆ ವಿಭಾಗ ಬದಲಿಸಿದರೂ ಆ ಮೂರು ಅಂಕ ಅವರ ಜೊತೆಗೇ ಬರುತ್ತವೆ.

ಐದು ಹುದ್ದೆ ನಿಮಗೆ ಕಡಿಮೆಯೇನಲ್ಲ. ಗೋಲ್‌ಕೀಪರ್ ಕೋಚ್ ಒಬ್ಬರು ಬೇಕೇ ಬೇಕು, ಆ ಅಂಕಗಳು ಬೇರೆ ಕೋಚ್‌ಗಳಲ್ಲಿ ಸಿಗುವುದು ಅಪರೂಪ. ಫಿಟ್‌ನೆಸ್‌ಗೆ ಒಬ್ಬರು ಸಾಕು. ಬಲ, ವೇಗ ಎರಡೂ ವಿಭಾಗಕ್ಕೆ ಬೇಕಾದದ್ದು ಒಂದೇ ಫಿಟ್‌ನೆಸ್ ಅಂಕ. ಉಳಿದ ಮೂವರಿಗೆ ದಾಳಿ, ರಕ್ಷಣೆ, ಚೆಂಡಿನ ಹಿಡಿತ ಹಂಚಿ. ಪ್ರತಿಯೊಂದಕ್ಕೂ ತಂತ್ರದ್ದು, ಕೌಶಲದ್ದು ಎಂದು ಎರಡು ಭಾಗ ಇರುವುದರಿಂದ ಒಬ್ಬೊಬ್ಬರ ಪಾಲಿಗೆ ಎರಡೆರಡು ಬರುತ್ತವೆ. ಹೊರೆ ಹೆಚ್ಚಾದಷ್ಟೂ ತರಬೇತಿಯ ಗುಣಮಟ್ಟ ಕುಸಿಯುತ್ತದೆ. ನಿಮ್ಮ ಮಾಜಿ ಆಟಗಾರನಿಗೆ ಆಗಿದ್ದೂ ಇದೇ. ಅವರನ್ನು ಈಗಲೇ ತೆಗೆಯಬೇಡಿ, ಒಪ್ಪಂದ ಮುರಿದದ್ದಕ್ಕೆ ಕೊಡಬೇಕಾದ ಪರಿಹಾರದ ಮೊತ್ತ ಕೈಕಚ್ಚುತ್ತದೆ. ಅವರಿಗೆ ಹೆಚ್ಚು ಅಂಕ ಇರುವ ವಿಭಾಗ ಒಂದನ್ನು ಮಾತ್ರ ಅವರ ಕೈಲಿಟ್ಟು ಉಳಿದದ್ದನ್ನು ಬಿಡಿಸಿ. ಸಹಾಯಕ ಮ್ಯಾನೇಜರ್ ಕೂಡ ತರಬೇತಿಗೆ ಕೈಜೋಡಿಸಬಹುದು, ಅದನ್ನು ಮರೆಯಬೇಡಿ.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ಚಿಕ್ಕ ಕ್ಲಬ್ಬಿಗೆ ಯುವ ವಿಭಾಗದ ಮುಖ್ಯಸ್ಥರ ಆಯ್ಕೆ ಕೋಚ್‌ಗಳ ಆಯ್ಕೆಗಿಂತ ದೊಡ್ಡದು. ವರ್ಷಕ್ಕೊಮ್ಮೆ ಅಕಾಡೆಮಿಯಿಂದ ಬರುವ ಹುಡುಗರ ಸ್ವಭಾವದ ಮೇಲೆ ಆ ಮುಖ್ಯಸ್ಥರ ಸ್ವಭಾವದ ಪ್ರಭಾವ ಇರುತ್ತದೆ. ಅಲ್ಲಿ ಅಂಕಕ್ಕಿಂತ ಮೊದಲು ಅವರ ಪುಟದಲ್ಲಿ ಸ್ವಭಾವ ಹೇಳುವ ವ್ಯಕ್ತಿತ್ವದ ಸಾಲು ಓದಿ. ವೃತ್ತಿನಿಷ್ಠೆ, ಛಲ ಕಂಡರೆ ಬಿಡಬೇಡಿ.

ಇನ್ನು ಹಣದ ವಿಷಯ. ಯುರೋಪಿನ ಬಹುತೇಕ ಲೀಗ್‌ಗಳಲ್ಲಿ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ. ಜುಲೈ ಮೊದಲ ವಾರ ಕ್ಲಬ್ ಇಲ್ಲದ ಸಿಬ್ಬಂದಿಯನ್ನು ಹುಡುಕಿ, ಛಲ 14ಕ್ಕಿಂತ ಹೆಚ್ಚು ಎಂದು ಸೋಸಿ. ಬೇರೆ ಕ್ಲಬ್ಬಿಗೆ ಪರಿಹಾರ ಕೊಡದೆಯೇ ಒಳ್ಳೆಯವರು ಸಿಗುತ್ತಾರೆ.