ಫೆಬ್ರವರಿ ಕೊನೆಗೆ ಭಾಗಮಂಡಲದ ಹತ್ತಿರ ನಕ್ಷತ್ರ ನೋಡಲು 10×50 ಬೈನಾಕ್ಯುಲರ್ ಸಾಕೇ?

ಧಾರಾಳ ಸಾಕು: 10 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 50 ಮಿ.ಮೀ. ಅಗಲ. ಟೆಲಿಸ್ಕೋಪ್ ಬಾಡಿಗೆಗೆ ತರಬೇಡಿ. ಮೂರು ರಾತ್ರಿ ಹೋಂಸ್ಟೇಯಲ್ಲಿ ಇರುತ್ತೇವೆ, ಹಿಂದೆ ಡಿಸೆಂಬರಿನಲ್ಲಿ ಬಂದಾಗ ಗಾಜಿನ ಮೇಲೆ ಇಬ್ಬನಿ ಕೂತು ಅರ್ಧ ಗಂಟೆಗೇ ಎಲ್ಲ ಮಸುಕಾಯಿತು ಎಂದು ಬರೆದಿದ್ದೀರಿ. ಅದಕ್ಕೆ ಮದ್ದಿದೆ, ಹೇಳುತ್ತೇನೆ. ಮೊದಲು ತಿಥಿ ಮತ್ತು ಜಾಗ ನೋಡಿಕೊಳ್ಳಿ.

ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕಿ, ಕೃಷ್ಣ ಪಕ್ಷದ ತ್ರಯೋದಶಿಯಿಂದ ಶುಕ್ಲ ಪಕ್ಷದ ಚೌತಿಯೊಳಗೆ ಮೂರು ರಾತ್ರಿ ಬರುವಂತೆ ಬುಕ್ ಮಾಡಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದ ಆಸೆಯೇ ಬೇಡ. ಮಾರ್ಚ್ ಮುಂದೆ ಹೋದಂತೆ ಕಾಡಿನ ಬೆಂಕಿಯ ಹೊಗೆ, ಸಂಜೆಯ ಗುಡುಗು ಮೋಡ. ಹಾಗಾಗಿ ನೀವು ಆರಿಸಿದ ಫೆಬ್ರವರಿ ಕೊನೆ ನನ್ನ ಲೆಕ್ಕದಲ್ಲಿ ವರ್ಷದ ಅತ್ಯುತ್ತಮ ವಾರ. ನಡುವೆ ಒಂದು ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದರೆ ಬೇಸರಿಸಬೇಡಿ. ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ, ಮೋಡ ಬಿಟ್ಟ ಮೊದಲ ರಾತ್ರಿ ಆಕಾಶ ತುಂಬ ಸ್ವಚ್ಛ.

ಜಾಗದ ವಿಷಯದಲ್ಲಿ ಹೋಂಸ್ಟೇಯವರನ್ನು ಎರಡೇ ಪ್ರಶ್ನೆ ಕೇಳಿ: ಮನೆಯ ದಕ್ಷಿಣ ದಿಕ್ಕು ತೆರೆದಿದೆಯೇ, ಕಾಫಿ ಕಣ ಇದೆಯೇ? ತೋಟದೊಳಗೆ ಸಿಲ್ವರ್ ಓಕ್, ಮೆಣಸಿನ ಬಳ್ಳಿ ಹಬ್ಬಿದ ನೆರಳುಮರಗಳ ನಡುವೆ ಅಂಗೈ ಅಗಲದ ಆಕಾಶ ಕಂಡರೆ ಹೆಚ್ಚು. ಕಣದಲ್ಲಿ ಮಾತ್ರ ತಲೆಯ ಮೇಲೆ ಪೂರ್ತಿ ಬಯಲು. ಆದರೆ ಆ ಹೊತ್ತಿಗೆ ಕಣದಲ್ಲಿ ಕಾಫಿ ಹರಡಿರಬಹುದು. ಕೇಳಿಕೊಂಡೇ ಒಂದು ಮೂಲೆ ಹಿಡಿಯಿರಿ, ಒಣಗುತ್ತಿರುವ ಕಾಫಿ ತುಳಿಯಬೇಡಿ. ಗದ್ದೆ ಬದಿಯ ಮನೆಗಿಂತ ಇಳಿಜಾರಿನ ಮೇಲಿನ ಮನೆ ಒಳ್ಳೆಯದು. ರಾತ್ರಿ ತಣ್ಣಗಾದ ಗಾಳಿ ಗದ್ದೆಯ ತಗ್ಗಿಗೆ ಇಳಿದು ಅಲ್ಲೇ ಮಂಜು ಕಟ್ಟುತ್ತದೆ. ಕತ್ತಲು ಬೇಕೆಂದು ಬೆಟ್ಟ ಹತ್ತುವುದು, ತೋಟದ ದಾರಿಯಲ್ಲಿ ಅಡ್ಡಾಡುವುದು ಬೇಡವೇ ಬೇಡ. ಆನೆ ಇರುವ ಊರು.

ಇನ್ನು ಇಬ್ಬನಿ. ನಿರಭ್ರ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಮೇಲಕ್ಕೆ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನೀರು ಕೂರುವುದು ಅದಕ್ಕೇ. ಗಾಜಿಗೆ ಕಾಣುವ ಆಕಾಶವನ್ನು ಕಡಿಮೆ ಮಾಡಿದರೆ ಇಬ್ಬನಿ ತಡವಾಗುತ್ತದೆ. ಕಪ್ಪು ಚಾರ್ಟ್ ಪೇಪರಿನಲ್ಲಿ 21 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ಒಂದೊಂದನ್ನೂ ಮುಂದಿನ ದೊಡ್ಡ ಗಾಜು ಇರುವ ಕೊಳವೆಗೆ ಸುತ್ತಿ ಟೇಪ್ ಹಾಕಿ: 4 ಸೆಂ.ಮೀ. ಕೊಳವೆಯ ಮೇಲೆ, 8 ಸೆಂ.ಮೀ. ಮುಂದಕ್ಕೆ ಚಾಚಿರಲಿ. ನೋಡದಿರುವಾಗ ಗಾಜು ಕೆಳಮುಖವಾಗಿ ಮಡಿಲಲ್ಲಿರಲಿ. ಅಷ್ಟಾದರೂ ಇಬ್ಬನಿ ಕೂತರೆ ಒರೆಸಬೇಡಿ, ಧೂಳು ಉಜ್ಜಿ ಗಾಜಿನ ಲೇಪ ಗೀರುತ್ತದೆ. ಹೇರ್ ಡ್ರೈಯರಿನ ಕಡಿಮೆ ಬಿಸಿಗಾಳಿ ಒಂದು ನಿಮಿಷ ದೂರದಿಂದ ಹಿಡಿದರೆ ಸಾಕು. ಒಳಗೆ ಹೋಗುವ ಮುನ್ನ ಹೊರಗೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಬೆಳಗಾದ ಮೇಲೆ ತೆರೆದು ಪೂರ್ತಿ ಒಣಗಿಸಿ. ಒದ್ದೆ ಇರುವಾಗಲೇ ಚೀಲಕ್ಕೆ ತುರುಕಿದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಅದು ಹೋಗುವುದಿಲ್ಲ.

ರಾತ್ರಿ 8ಕ್ಕೆ ಜಗಲಿಯ ದೀಪ ಆರಿಸಲು ಹೇಳಿ ಹೊರಗೆ ಕೂತುಬಿಡಿ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಮೊಬೈಲ್ ಒಮ್ಮೆ ನೋಡಿದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಪಾರದರ್ಶಕ ಕೆಂಪು ಕಾಗದ ಮೂರು ಪದರ ಸುತ್ತಿ.

8.30ರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿದರೆ ಎತ್ತರದಲ್ಲಿ ಅತಿ ಪ್ರಕಾಶದ ಲುಬ್ಧಕ (ಸಿರಿಯಸ್) ನಕ್ಷತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಲುಬ್ಧಕದಿಂದ ಮೂರೂವರೆ ಮುಷ್ಟಿ ನೇರ ಕೆಳಗೆ ಅಗಸ್ತ್ಯ (ಕ್ಯಾನೊಪಸ್). ದೆಹಲಿಯಲ್ಲಿ ಇದು ದಿಗಂತದಿಂದ 9 ಡಿಗ್ರಿಯೂ ಏರುವುದಿಲ್ಲ, ಇಲ್ಲಿ 25 ಡಿಗ್ರಿ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡ ಋಷಿಯ ನಕ್ಷತ್ರವನ್ನು ತಲಕಾವೇರಿಯ ಬುಡದಲ್ಲಿ ನಿಂತು ನೋಡುತ್ತೀರಿ, ಅವಸರ ಮಾಡಬೇಡಿ. ಆಮೇಲೆ ಟಾರ್ಪಾಲಿನ ಮೇಲೆ ಕಂಬಳಿ ಹಾಸಿ ಅಂಗಾತ ಮಲಗಿ ಮಹಾವ್ಯಾಧ (ಒರಾಯನ್) ಪುಂಜದ ಮೂರು ನಕ್ಷತ್ರಗಳ ನಡುಪಟ್ಟಿಯ ಕೆಳಗಿನ ನೀಹಾರಿಕೆಗೆ, ಅಂದರೆ ಅನಿಲ ಮತ್ತು ಧೂಳಿನ ಮೋಡಕ್ಕೆ, ಬೈನಾಕ್ಯುಲರ್ ಹಿಡಿಯಿರಿ. ನೆಟ್ಟ ನೋಟಕ್ಕಿಂತ ತುಸು ಪಕ್ಕಕ್ಕೆ ನೋಡಿದರೆ ಆ ಬೂದು ರೆಕ್ಕೆ ಇನ್ನಷ್ಟು ಹರಡುತ್ತದೆ.

10 ಗಂಟೆಯ ನಂತರ ದಕ್ಷಿಣದಲ್ಲಿ ಒಂದು ಶಿಲುಬೆ ಕಾಣುತ್ತದೆ. ಅದನ್ನೇ ತ್ರಿಶಂಕು (ಸದರ್ನ್ ಕ್ರಾಸ್ ಪುಂಜ) ಎಂದುಕೊಳ್ಳುವವರು ಬಹಳ. ಅದು ಸುಳ್ಳು ಶಿಲುಬೆ, ದೊಡ್ಡದು, ಮಂಕು. ಮಲಗಿಬಿಡಿ, ಅಲಾರಂ 3.30ಕ್ಕೆ ಇಡಿ.

4 ಗಂಟೆಗೆ ನಿಜವಾದ ತ್ರಿಶಂಕು ದಕ್ಷಿಣದಿಂದ ತುಸು ಬಲಕ್ಕೆ ವಾಲಿರುತ್ತದೆ, ಬುಡದ ನಕ್ಷತ್ರ ದಿಗಂತದಿಂದ ಒಂದೂಕಾಲು ಮುಷ್ಟಿ ಮೇಲೆ. ಅದರ ಎಡಕ್ಕೆ ಕಿನ್ನರ (ಸೆಂಟಾರಸ್) ಪುಂಜದ ಎರಡು ಉಜ್ವಲ ನಕ್ಷತ್ರಗಳು ಇದ್ದರೆ ಅನುಮಾನವೇ ಇಲ್ಲ. ಆ ಎರಡರಲ್ಲಿ ಶಿಲುಬೆಗೆ ಹತ್ತಿರದ್ದು ಬೀಟಾ. ಅಲ್ಲಿಂದ ಮೇಲಕ್ಕೆ ಮುಕ್ಕಾಲು ಮುಷ್ಟಿಗೆ ಅದೇ ಪುಂಜದ ಎಪ್ಸಿಲಾನ್ ನಕ್ಷತ್ರ. ಅದೇ ಗೆರೆಯನ್ನು ಹೆಚ್ಚುಕಡಿಮೆ ಅಷ್ಟೇ ದೂರ ಎಳೆದರೆ ಹಿಂಜಿದ ಹತ್ತಿಯ ಉಂಡೆಯಂತೆ ಒಮೇಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದ ಗೋಳಗುಚ್ಛ, ಅಂದರೆ ಉಂಡೆಯಾಗಿ ಒತ್ತಿಕೊಂಡ ನಕ್ಷತ್ರಗಳ ಗುಂಪು. ಕೈ ನಡುಗಿದರೆ ನೆಲ ಒರೆಸುವ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ತುದಿಗೆ ಬೈನಾಕ್ಯುಲರ್ ಆನಿಸಿ.

ಆಕಾಶಗಂಗೆಯ ದಟ್ಟ ಭಾಗ ಅಷ್ಟರಲ್ಲಿ ಆಗ್ನೇಯದಲ್ಲಿ ಏರುತ್ತಿರುತ್ತದೆ: ಕೆಂಪು ಜ್ಯೇಷ್ಠಾ ನಕ್ಷತ್ರ, ವೃಶ್ಚಿಕದ ಕೊಂಡಿ, ಅದರ ಎಡಕ್ಕೆ ಧನು. ಫೋಟೋಗಳ ಬಣ್ಣ ಕಣ್ಣಿಗೆ ಕಾಣದು. ಕಾಣುವುದು ಹಾಲುಬೂದು ಪಟ್ಟಿ, ನಡುವೆ ಕಪ್ಪು ಸೀಳು. ಕೊಂಡಿಯ ಪಕ್ಕದ ಮಸುಕು ಚುಕ್ಕೆಗೆ ಬೈನಾಕ್ಯುಲರ್ ಹಿಡಿದರೆ ಅದು ಹತ್ತಾರು ನಕ್ಷತ್ರಗಳ ಗೊಂಚಲಾಗಿ ಬಿಡಿಸಿಕೊಳ್ಳುತ್ತದೆ. 5.15ರವರೆಗೆ ಸಮಯವಿದೆ, ಆಮೇಲೆ ಪೂರ್ವ ಬೆಳ್ಳಗಾಗುತ್ತದೆ.